ಮನೆತನಕ್ಕೆ ಆಗಿಬರದ ಔಷಧ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಜೀವನ್ ಬಿಮಾ ನಗರದ ನಮ್ಮ ಮನೆಗೆ ಬರುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಅವರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದೇ: ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಬಳಕೆಯನ್ನು ಹದ್ದುಬಸ್ತಿನಲ್ಲಿಡುವುದು ಅಂದರೆ ದಿನವಿಡೀ ಮಾಡುವುದಾದರೂ ಏನು? ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಡಾಕ್ಟರುಗಳಿಗೆ ‘ಇದು ಬೇಡ’ ಎನ್ನುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಸರ್ಜನ್ ಹೊಟ್ಟೆ ಕೊಯ್ದು ಜೀವ ಉಳಿಸಿದರೆ ರೋಗಿಯ ಮನೆಯವರು ಸ್ವೀಟ್ ಬಾಕ್ಸ್ ತರುತ್ತಾರೆ. ಹಾಕಬೇಕಾಗಿಯೇ ಇರದ ಡ್ರಿಪ್ಪನ್ನು ಹಾಕದಂತೆ ತಡೆದದ್ದಕ್ಕೆ ಇದುವರೆಗೆ ಯಾರೂ ನನಗೆ ಮೈಸೂರುಪಾಕು ತಂದುಕೊಟ್ಟಿಲ್ಲ. ಅಂಥದ್ದನ್ನು ನಿರೀಕ್ಷಿಸುವವರು ಬೇರೆ ವಿಭಾಗ ನೋಡಿಕೊಳ್ಳುವುದು ಒಳ್ಳೆಯದು.

ನಾನು ಸೂಕ್ಷ್ಮಾಣುಜೀವಿಗಳ ಡಾಕ್ಟರು. ಹಲಸೂರಿನ ಕಡೆಯ ಒಂದು ಧರ್ಮಾಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ರೋಗಿಗಳ ರಕ್ತ, ಮೂತ್ರ, ಕೀವು ಬಾಟಲಿಗಳಲ್ಲಿ ಕೆಳಗಿಳಿದು ಬರುತ್ತಿದ್ದವು. ಅದರಲ್ಲಿ ಯಾವ ಸೂಕ್ಷ್ಮಾಣು ಬೆಳೆಯಿತು, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನಾವು ರಿಪೋರ್ಟು ಬರೆದು ಮೇಲಕ್ಕೆ ಕಳಿಸುತ್ತಿದ್ದೆವು. ರೋಗಿಯ ಮುಖ ನಮಗೆ ಗೊತ್ತಿರುತ್ತಿರಲಿಲ್ಲ, ನಮ್ಮ ಮುಖ ರೋಗಿಗೆ ಗೊತ್ತಿರುತ್ತಿರಲಿಲ್ಲ. ಕೆಲವು ವರ್ಷ ಹಾಗೆ ಕಳೆದ ಮೇಲೆ ನನಗೊಂದು ಕುತೂಹಲ ಹಿಡಿಯಿತು. ಇಷ್ಟು ಕಷ್ಟಪಟ್ಟು ಬರೆದ ರಿಪೋರ್ಟು ಮೇಲೆ ಹೋಗಿ ಏನಾಗುತ್ತದೆ? ನೋಡಿಯೇಬಿಡೋಣ ಎಂದು ಒಂದು ದಿನ ವಾರ್ಡಿನ ಮೆಟ್ಟಿಲು ಹತ್ತಿದೆ.

ಮೇಲೆ ಒಬ್ಬರು ಹಾಸಿಗೆಯ ಮೇಲೆ ಕಾಲು ಚಾಚಿ ಆರಾಮಾಗಿ ಪೇಪರ್ ಓದುತ್ತಿದ್ದರು. ಜ್ವರವಿಲ್ಲ, ಉರಿಯಿಲ್ಲ, ನೋವಿಲ್ಲ. ಪಕ್ಕದಲ್ಲಿ ದುಬಾರಿ ಆಂಟಿಬಯೋಟಿಕ್ ಹನಿಹನಿಯಾಗಿ ಇಳಿಯುತ್ತಿತ್ತು. ಯಾಕೆ ಎಂದು ಡ್ಯೂಟಿ ಡಾಕ್ಟರನ್ನು ಕೇಳಿದರೆ ‘ಯೂರಿನ್ ರಿಪೋರ್ಟಲ್ಲಿ ಬಂದಿದೆಯಲ್ಲ ಮೇಡಂ, ನೀವೇ ಕಳಿಸಿದ್ದು’ ಎಂದರು. ವಿಚಾರಿಸಿದರೆ ಆ ಮೂತ್ರವನ್ನು ತೆಗೆದದ್ದು ಹಾಸಿಗೆಗೆ ನೇತುಹಾಕಿದ ಚೀಲದಿಂದ. ಬೆಳಗಿನಿಂದ ಅಲ್ಲೇ ಕೂತಿದ್ದ ಮೂತ್ರದಲ್ಲಿ ಸೂಕ್ಷ್ಮಾಣು ಬೆಳೆಯದೆ ಇನ್ನೇನು ಬೆಳೆಯುತ್ತದೆ? ಅವರು ರೋಗಿಗೆ ಔಷಧ ಕೊಡುತ್ತಿರಲಿಲ್ಲ, ನನ್ನ ರಿಪೋರ್ಟಿಗೆ ಕೊಡುತ್ತಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ವಾರ್ಡು ಸುತ್ತುವುದನ್ನು ರೂಢಿ ಮಾಡಿಕೊಂಡೆ. ಎಲ್ಲರನ್ನೂ ಯಾಕೆ, ಯಾಕೆ ಎಂದು ಕೇಳಿ ಕೇಳಿ ನನಗೆ ‘ಯಾಕೆ ಮೇಡಂ’ ಎಂಬ ಹೆಸರೇ ಬಿತ್ತು. ನರ್ಸುಗಳು ನನ್ನ ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಆಮೇಲಾಮೇಲೆ ಎದುರಿಗೇ ಕರೆಯತೊಡಗಿದರು.

ನನ್ನ ಯಾಕೆಗೆ ಅತಿ ಹೆಚ್ಚು ಸಿಗುತ್ತಿದ್ದ ಉತ್ತರ ‘ಸುಮ್ಮನೆ ಒಂದು ಧೈರ್ಯಕ್ಕೆ ಮೇಡಂ’. ಆಪರೇಷನ್ ಮುಗಿದು ಗಾಯ ಚೆನ್ನಾಗಿ ಮಾಯುತ್ತಿದ್ದರೂ ವಾರಗಟ್ಟಲೆ ಆಂಟಿಬಯೋಟಿಕ್, ಧೈರ್ಯಕ್ಕೆ. ನೆಗಡಿ ಬಂದ ಮಗುವಿಗೆ ಒಂದು ಕೋರ್ಸು, ಧೈರ್ಯಕ್ಕೆ. ಯಾರ ಧೈರ್ಯಕ್ಕೆ ಎಂದು ಯೋಚಿಸುತ್ತಾ ಹೋದಾಗ ನನಗೆ ಗೊತ್ತಾದದ್ದು, ಆ ಮಾತ್ರೆ ರೋಗಿಗಲ್ಲ, ಬರೆದವರ ಭಯಕ್ಕೆ. ಇದನ್ನು ತಿಳಿದ ಮೇಲೆ ನನಗೆ ಡಾಕ್ಟರುಗಳ ಮೇಲೆ ಸಿಟ್ಟು ಬರುವುದು ಕಡಿಮೆಯಾಯಿತು. ಸಿಟ್ಟು ಮಾಡಿಕೊಂಡರೆ ಭಯ ಹೋಗುವುದಿಲ್ಲ. ಯಾತರ ಭಯ ಎಂದು ಕೂತು ಕೇಳಬೇಕು. ನೀವು ಈ ಕೆಲಸದಲ್ಲಿ ಕಲಿಯಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ.

ನಮ್ಮ ಮೆಡಿಸಿನ್ ವಿಭಾಗದ ಮುಖ್ಯಸ್ಥರು ಡಾಕ್ಟರ್ ಸಂಪತ್. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ವಾರ್ಡಿನಲ್ಲಿ ಇಂಗ್ಲಿಷು, ಬೈಯುವುದಕ್ಕೆ ಮಾತ್ರ ಕನ್ನಡ. ಅವರ ಕೈಗುಣ ದೊಡ್ಡದು, ಮೂಗಿನ ತುದಿಯ ಸಿಟ್ಟು ಅದಕ್ಕಿಂತ ದೊಡ್ಡದು. ಲ್ಯಾಬಿನವರು ಲ್ಯಾಬಿನಲ್ಲಿರಬೇಕು ಎನ್ನುವುದು ಅವರ ಖಚಿತ ಅಭಿಪ್ರಾಯವಾಗಿತ್ತು. ನಾನು ವಾರ್ಡಿನಲ್ಲಿ ಕಂಡರೆ ‘ದಾರಿ ತಪ್ಪಿತಾ?’ ಎಂದು ಕೇಳುತ್ತಿದ್ದರು.

ನಾವು ಮೊದಲು ಮಾಡಿದ ಪ್ರಚಾರದ ಕತೆಯನ್ನೂ ಕೇಳಿ. ನೆಗಡಿ ಕೆಮ್ಮಿಗೆಲ್ಲ ಆಂಟಿಬಯೋಟಿಕ್ ಬೇಡ ಎಂದು ಒಂದು ಪೋಸ್ಟರ್ ಮಾಡಿಸಿ, ಕನ್ನಡ, ತಮಿಳು, ಉರ್ದು ಮೂರರಲ್ಲೂ ಅಚ್ಚು ಹಾಕಿಸಿ ಹೊರರೋಗಿಗಳು ಕೂರುವ ಕಡೆ ಅಂಟಿಸಿದೆವು. ಚಂದ ಕಾಣಲೆಂದು ನಡುವೆ ಕೆಂಪು ಹಳದಿ ಬಣ್ಣದ ದೊಡ್ಡ ಕ್ಯಾಪ್ಸೂಲಿನ ಚಿತ್ರ ಹಾಕಿಸಿದ್ದೆವು. ಸ್ವಲ್ಪ ದಿನದಲ್ಲೇ ನಮ್ಮ ಫಾರ್ಮಸಿಯವರು ಓಡಿ ಬಂದರು. ಜನ ಪೋಸ್ಟರನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದು, ಕೆಮ್ಮಿಗೆ ಗೋಡೆ ಮೇಲೆ ಹಾಕಿದ್ದೀರಲ್ಲ, ಆ ಮಾತ್ರೆ ಕೊಡಿ ಎಂದು ಕೇಳುತ್ತಿದ್ದರಂತೆ. ಆಸ್ಪತ್ರೆಯವರೇ ಗೋಡೆಗೆ ಅಂಟಿಸಿದ ಮೇಲೆ ಅದು ಒಳ್ಳೆಯ ಮಾತ್ರೆಯೇ ಇರಬೇಕು ಎನ್ನುವುದು ಅವರ ಲೆಕ್ಕ. ತಪ್ಪೇನೂ ಇಲ್ಲ. ನಾವೇ ಪೋಸ್ಟರ್ ಕಿತ್ತು ಹಾಕಿದೆವು, ಡಾಕ್ಟರ್ ಸಂಪತ್ ಒಂದು ವಾರ ನಕ್ಕರು.

ಆಮೇಲೆ ರಿಪೋರ್ಟಿನ ರೀತಿಯನ್ನೇ ಬದಲಾಯಿಸಿದೆ. ಮೊದಲು ನಾವು ಒಂದು ಸೂಕ್ಷ್ಮಾಣುವಿಗೆ ಕೆಲಸ ಮಾಡುವ ಎಲ್ಲ ಔಷಧಗಳನ್ನೂ ಸಾಲಾಗಿ ಬರೆದು ಕಳಿಸುತ್ತಿದ್ದೆವು. ಸಾಲಿನ ತುದಿಯಲ್ಲಿ ಅತಿ ದೊಡ್ಡ ಔಷಧವಿದ್ದರೆ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತಿತ್ತು. ಬಳಸಿದಷ್ಟೂ ಸೂಕ್ಷ್ಮಾಣುಗಳು ಒಗ್ಗಿಕೊಳ್ಳುವುದರಿಂದ, ಒಬ್ಬರು ಬಳಸಿದರೆ ಊರಿಗೆಲ್ಲ ಸವೆಯುವ ಔಷಧ ಇದು. ಇಂದು ಸಣ್ಣದಕ್ಕೆ ದೊಡ್ಡದನ್ನು ಬಳಸಿದರೆ ನಾಳೆ ದೊಡ್ಡದಕ್ಕೆ ಬಳಸಲು ಏನೂ ಉಳಿಯುವುದಿಲ್ಲ. ಅದಕ್ಕೇ ಸಣ್ಣ ಔಷಧ ಕೆಲಸ ಮಾಡುತ್ತಿದ್ದರೆ ದೊಡ್ಡದರ ಹೆಸರನ್ನು ಬರೆಯುವುದೇ ಬೇಡ, ಬೇಕಾದವರು ಫೋನು ಮಾಡಿ ಕೇಳಲಿ ಎಂದು ಆಸ್ಪತ್ರೆಯ ಸಮಿತಿಯಲ್ಲಿ ಒಪ್ಪಿಗೆ ಪಡೆದೆ. ಆ ಸಭೆಗೆ ಡಾಕ್ಟರ್ ಸಂಪತ್ ಬಂದಿರಲಿಲ್ಲ. ಮೊದಲ ಗಿಡ್ಡ ರಿಪೋರ್ಟು ಅವರ ಕೈಗೆ ಸಿಕ್ಕ ಬೆಳಿಗ್ಗೆಯೇ, ಜೀವಮಾನದಲ್ಲಿ ಮೊದಲ ಬಾರಿಗೆ, ನೆಲಮಾಳಿಗೆಗೆ ಇಳಿದು ಬಂದರು.

“ಏನಮ್ಮ, ನನ್ನ ಔಷಧಾನೆಲ್ಲ ಎಲ್ಲಿ ಬಚ್ಚಿಟ್ಟಿದ್ದೀಯ?” ಎಂದರು.

ಕೂತುಕೊಳ್ಳಿ ಸರ್ ಎಂದು ಸ್ಟೂಲು ಕೊಟ್ಟೆ. ಬೆಳೆದ ಸೂಕ್ಷ್ಮಾಣುಗಳ ತಟ್ಟೆಗಳನ್ನು ಒಂದೊಂದಾಗಿ ಅವರ ಮುಂದಿಟ್ಟೆ. ತಟ್ಟೆಯಲ್ಲಿಟ್ಟ ಔಷಧದ ಬಿಲ್ಲೆಯ ಸುತ್ತ ಸೂಕ್ಷ್ಮಾಣು ಸತ್ತು ಖಾಲಿಯಾದ ಜಾಗ ದುಂಡಗೆ ಕಾಣುತ್ತದೆ. ಹಳೆಯ ಔಷಧಗಳ ಸುತ್ತ ಆ ಖಾಲಿ ಜಾಗ ವರ್ಷದಿಂದ ವರ್ಷಕ್ಕೆ ಹೇಗೆ ಕಿರಿದಾಗುತ್ತಾ ಬಂದಿದೆ ಎಂದು ಹಳೆಯ ರಿಜಿಸ್ಟರಿನ ಅಳತೆಗಳನ್ನೂ ತೆಗೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. ಔಷಧ ಬರೆಯುವುದರಲ್ಲೇ ಆಯುಷ್ಯ ಕಳೆದಿದ್ದ ಅವರು ಅದು ಸೋಲುವುದನ್ನು ಕಣ್ಣಾರೆ ನೋಡಿರಲಿಲ್ಲ. ಬೈಯಲು ಬಂದವರು ಬೈಯದೆ ಎದ್ದು ಹೋದರು. ಅಂದಿನಿಂದ ವಾರಕ್ಕೊಮ್ಮೆ ಕೆಳಗೆ ಬಂದು, ಕಾಫಿ ಕುಡಿದು, ಹೊಸದೇನು ಬೆಳೆದಿದೆ ಎಂದು ಕೇಳಿ ಹೋಗುವುದು ಶುರುವಾಯಿತು. ಮಂಜುಳಾಳ ವಿಷಯಕ್ಕೂ ಅವರು ಬಂದದ್ದು ಹಾಗೆಯೇ.

ಮಂಜುಳಾ ಕಗ್ಗದಾಸಪುರದವಳು. ಹಿಂದೆ ರಾಗಿ, ಸೊಪ್ಪು, ಬದನೆ ಬೆಳೆಯುತ್ತಿದ್ದ ಮನೆತನ. ಈಗ ಆ ಹೊಲದ ಮೇಲೆ ಬಾಡಿಗೆ ಮನೆಗಳು ನಿಂತಿವೆ. ಅದೇ ಕಟ್ಟಡದ ಕೆಳಗೆ ಅವಳು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ. ಬೀದಿಯ ಕ್ಲಿನಿಕ್ಕು, ಮೆಡಿಕಲ್ ಶಾಪು ಎಲ್ಲ ಸುತ್ತಿ, ಕಂಡ ಕಂಡ ಮಾತ್ರೆ ನುಂಗಿ, ಕೊನೆಗೆ ನಮ್ಮಲ್ಲಿಗೆ ಬಂದಳು. ರಕ್ತದಲ್ಲಿ ನಮಗೆ ಸಿಕ್ಕ ಸೂಕ್ಷ್ಮಾಣು ಅವಳ ಹೃದಯದ ಕವಾಟದ ಮೇಲೆ ಗೂಡು ಕಟ್ಟಿತ್ತು. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರದಿಂದ ಆ ಕವಾಟ ಮೊದಲೇ ಹಾಳಾಗಿತ್ತು. ಇದಕ್ಕೆ ಸರಿಯಾದ ಔಷಧ ಇಲ್ಲವೆಂದಲ್ಲ. ಪೆನ್ಸಿಲಿನ್ ಜಾತಿಯ ಒಂದು ಹಳೆಯ, ಅಗ್ಗದ, ಸಾಧು ಔಷಧಕ್ಕೆ ಅದು ತಟ್ಟೆಯಲ್ಲಿ ಸೊಗಸಾಗಿ ಸಾಯುತ್ತಿತ್ತು. ಆದರೆ ಅವಳ ಕೇಸ್ ಶೀಟಿನ ಮೇಲೆ ಕೆಂಪು ಸ್ಟಿಕ್ಕರ್ ಅಂಟಿತ್ತು: ಪೆನ್ಸಿಲಿನ್ ಅಲರ್ಜಿ.

ಕೆಂಪು ಸ್ಟಿಕ್ಕರ್ ಇದ್ದರೆ ಯಾವ ಡಾಕ್ಟರೂ ಮುಂದಿನದನ್ನು ಯೋಚಿಸುವುದಿಲ್ಲ, ಯೋಚಿಸಲೂಬಾರದು. ನಿಜವಾದ ಅಲರ್ಜಿಯಾದರೆ ಕಣ್ಣೆದುರೇ ಜೀವ ಹೋಗಬಹುದು. ಹಾಗಾಗಿ ಬೇರೆ ಔಷಧಗಳನ್ನು ಶುರು ಮಾಡಿದ್ದರು. ಅವುಗಳಿಂದ ಜ್ವರ ಪೂರ್ತಿ ಇಳಿಯಲಿಲ್ಲ, ಬದಲಿಗೆ ಮೂತ್ರಪಿಂಡ ಸೋಲತೊಡಗಿತು. ಡಾಕ್ಟರ್ ಸಂಪತ್ ಲ್ಯಾಬಿಗೆ ಬಂದು ಕಾಫಿ ಮುಟ್ಟದೆ ಕೂತರು. ಹೀಗೇ ಮುಂದುವರಿದರೆ ಡಯಾಲಿಸಿಸ್‌ಗೆ ಹಾಕಬೇಕಾಗುತ್ತದೆ, ನಿಲ್ಲಿಸಿದರೆ ಹೃದಯ ಹೋಗುತ್ತದೆ ಎಂದರು. ನಾನು ನನ್ನ ಅಭ್ಯಾಸದ ಪ್ರಶ್ನೆ ಕೇಳಿದೆ: ಅಲರ್ಜಿ ಅಂದರೆ ಏನಾಗಿತ್ತಂತೆ? ಅವರು ನನ್ನ ಮುಖ ನೋಡಿದರು. ಯಾರೂ ಕೇಳಿರಲಿಲ್ಲ.

ವಾರ್ಡಿಗೆ ಹೋದಾಗ ಮಂಜುಳಾಳ ಪಕ್ಕದಲ್ಲಿ ಅವಳ ತಾಯಿ ಮುನಿತಾಯಮ್ಮ ಕೂತಿದ್ದರು. ಎಪ್ಪತ್ತರ ಆಚೆಯ ಗಟ್ಟಿ ಹೆಂಗಸು, ಹಣೆಯ ತುಂಬ ಕುಂಕುಮ, ಮಡಿಲಲ್ಲಿ ಎಲೆಅಡಿಕೆ ಚೀಲ. ಮಂಜುಳಾಳ ಗಂಡ, ಮಕ್ಕಳು ಬಂದು ಹೋಗುತ್ತಿದ್ದರೂ ದಿನವಿಡೀ ಕದಲದೆ ಇರುತ್ತಿದ್ದವರು ಇವರು. ನಾನು ಪೆನ್ಸಿಲಿನ್ ಎಂದು ಬಾಯಿ ಬಿಟ್ಟದ್ದೇ ತಡ ಎದ್ದು ನಿಂತರು.

“ನಮ್ಮ ಮನೆತನಕ್ಕೆ ಪೆನ್ಸಿಲಿನ್ ಆಗ್ಬರಲ್ಲ. ಬಂದ ದಿನಾನೇ ಹೇಳಿದೀನಿ, ಕೆಂಪು ಇಂಕಲ್ಲಿ ಬರ್ಸಿದೀನಿ.”

ಆಗಿಬರುವುದಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು, ಏಕೆಂದರೆ ಅದು ಡಾಕ್ಟರುಗಳ ಮಾತಲ್ಲ, ನಮ್ಮ ಅಡುಗೆಮನೆಗಳ ಮಾತು. ಲಿಂಗರಾಜಪುರದ ನನ್ನ ತವರಿನಲ್ಲಿ ಸಂಡಿಗೆ ಆಗಿಬರುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಸಂಡಿಗೆ ಇಡುತ್ತಿದ್ದ ದಿನ ಮನೆಯಲ್ಲಿ ಸಾವಾಯಿತಂತೆ. ಅಂದಿನಿಂದ ನಮ್ಮ ಮನೆಯ ಹಿಟ್ಟು, ನಮ್ಮ ಮನೆಯ ಉಪ್ಪು ಪಕ್ಕದ ಮನೆಯ ಮಾಳಿಗೆಗೆ ಹೋಗಿ, ಅವರ ಕೈಯಲ್ಲಿ ಸಂಡಿಗೆಯಾಗಿ ವಾಪಸು ಬರುತ್ತಿತ್ತು. ತಿನ್ನುವುದಕ್ಕೆ ಅಡ್ಡಿಯಿಲ್ಲ, ಇಡುವುದಕ್ಕೆ ಮಾತ್ರ ಅಡ್ಡಿ. ಯಾರು ಸತ್ತರು ಎಂದು ಕೇಳಿದರೆ ಅಮ್ಮನಿಗೂ ಗೊತ್ತಿರಲಿಲ್ಲ. ಈ ಕೆಂಪು ಸ್ಟಿಕ್ಕರಿನ ಹಿಂದೆಯೂ ಅಂಥದ್ದೇ ಏನೋ ಇರಬಹುದು ಎನ್ನಿಸಿತು.

ಮಂಜುಳಾಗೆ ಯಾವತ್ತಾದರೂ ಪೆನ್ಸಿಲಿನ್ ಕೊಟ್ಟಿದ್ದಾರಾ ಎಂದು ಕೇಳಿದೆ. ಇಲ್ಲವೇ ಇಲ್ಲ, ನಾನು ಬಿಡುತ್ತೀನಾ ಎಂದರು. ಅವಳು ಸ್ಕೂಲಿಗೆ ಹೋಗುವಾಗ ಕೀಲುಜ್ವರ ಬಂದು, ಆಗಿನ ಡಾಕ್ಟರು ವರ್ಷಗಟ್ಟಲೆ ಪೆನ್ಸಿಲಿನ್ ಇಂಜೆಕ್ಷನ್ ಹಾಕಿಸಬೇಕು ಎಂದಿದ್ದರಂತೆ. ಅದನ್ನೂ ಬೇಡವೆಂದು ಮಗಳನ್ನು ಎತ್ತಿಕೊಂಡು ಬಂದಿದ್ದೆ ಎಂದು ಹೆಮ್ಮೆಯಿಂದ ಹೇಳಿದರು. ನಾನು ಮಂಜುಳಾಳ ಕಡೆ ನೋಡಿದೆ. ಆ ಇಂಜೆಕ್ಷನ್ ಇದ್ದದ್ದೇ ಹೃದಯದ ಕವಾಟ ಕಾಪಾಡುವುದಕ್ಕೆ. ಅವಳಿಗೂ ಅದು ಹೊಳೆಯಿತೆಂದು ಕಾಣುತ್ತದೆ. ತಾಯಿ ನೀರು ತರಲು ಎದ್ದು ಹೋದಾಗ ನನ್ನ ಸೆರಗು ಹಿಡಿದಳು.

“ಮೇಡಂ, ಅದನ್ನ ಅಮ್ಮಂಗೆ ಹೇಳ್ಬೇಡಿ.”

ನಾನು ತಲೆಯಾಡಿಸಿದೆ. ಎಲ್ಲ ಯಾಕೆಗಳಿಗೂ ಉತ್ತರವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂದು ಅಲ್ಲಿ ಆ ಹೊಲಿಗೆಯವಳಿಂದ ಕಲಿತೆ.

ಮುನಿತಾಯಮ್ಮ ವಾಪಸು ಬಂದಾಗ ಮತ್ತೆ ಕೇಳಿದೆ. ಹಾಗಾದರೆ ಪೆನ್ಸಿಲಿನ್ ಯಾರಿಗೆ ಆಗಿಬರಲಿಲ್ಲ? ನಮ್ಮ ಹುಡುಗನಿಗೆ, ನನ್ನ ತಮ್ಮನಿಗೆ, ಇಂಜೆಕ್ಷನ್ ಚುಚ್ಚಿದರು, ಹೋದ ಎಂದರು. ಚುಚ್ಚಿದ ಎಷ್ಟು ಹೊತ್ತಿಗೆ ಎಂದು ಕೇಳಿದ್ದೇ ತಡ ಅವರ ಮುಖ ಬಿಗಿಯಿತು. ಪೊಲೀಸಿನವರ ಹಾಗೆ ಕೇಳುತ್ತೀರಲ್ಲ, ಸತ್ತ ಮಗುವಿಗೆ ಈಗ ಪಂಚನಾಮೆ ಮಾಡುತ್ತೀರಾ ಎಂದು ಬೆನ್ನು ತಿರುಗಿಸಿ ಕೂತರು. ಅವರ ಸಿಟ್ಟು ನ್ಯಾಯವಾಗಿಯೇ ಇತ್ತು. ನನ್ನ ಕುತೂಹಲಕ್ಕೆ ಅದು ಕೇಸು, ಅವರಿಗೆ ತಮ್ಮ. ನಾನು ಕೈಮುಗಿದು ಕೆಳಗಿಳಿದು ಬಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ರಿಪೋರ್ಟು ನೋಡುತ್ತಿದ್ದಾಗ ಅವರಾಗಿಯೇ ಬಂದು ಪಕ್ಕದಲ್ಲಿ ಕೂತರು. ಮಂಜುಳಾಳ ಮುಖ, ಕಾಲು ಊದಿಕೊಂಡಿತ್ತು, ಮೂತ್ರ ಕಡಿಮೆಯಾಗಿತ್ತು. ಕೇಳಿ, ಏನು ಕೇಳುತ್ತೀರೋ ಕೇಳಿ ಎಂದರು. ಆದರೆ ನಾನು ಕೇಳಬೇಕಾಗಿ ಬರಲಿಲ್ಲ.

ಆಗ ಅವರಿಗೆ ಹನ್ನೆರಡು ಹದಿಮೂರು ಇರಬಹುದು, ತಮ್ಮನಿಗೆ ಐದೋ ಆರೋ. ಹುಡುಗನಿಗೆ ಜ್ವರ ಬಂತು, ಗಂಟಲು ನೋವು ಬಂತು, ಎಂಜಲು ನುಂಗುವುದೂ ಕಷ್ಟವಾಯಿತು. ಅಪ್ಪ ದೃಷ್ಟಿ ತೆಗೆಸಿದರು, ಅವ್ವ ಅರಿಶಿನ ಹಚ್ಚಿದರು. ಕುತ್ತಿಗೆ ಎರಡೂ ಕಡೆ ಊದಿ ಗಲ್ಲಕ್ಕೆ ಸಮನಾಯಿತು. ಹೊಲದಲ್ಲಿ ಬದನೆ ಕುಯಿಲು, ಹೋಗುವುದಕ್ಕೆ ಯಾರಿಗೂ ಬಿಡುವಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಈ ಹುಡುಗಿ ಯಾರಿಗೂ ಹೇಳದೆ ತಮ್ಮನನ್ನು ಎತ್ತಿಕೊಂಡು, ಶಿವಾಜಿನಗರದ ಮಾರ್ಕೆಟ್ಟಿಗೆ ಹೊರಟಿದ್ದ ಪಕ್ಕದ ಮನೆಯವರ ತರಕಾರಿ ಗಾಡಿ ಹತ್ತಿಬಿಟ್ಟಳು. ಹಲಸೂರಿನಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಅವನು ಚಮಚದ ಹಿಡಿಯಿಂದ ಹುಡುಗನ ನಾಲಿಗೆ ಒತ್ತಿ ನೋಡಿದವನೇ, ಗಂಟಲೊಳಗೆ ಬಿಳೀ ಪೊರೆ ಕಟ್ಟಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಈಗಲೇ ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋಗಿ ಎಂದು ಕೂಗಾಡಿ, ಸದ್ಯಕ್ಕೆ ಇರಲಿ ಎಂದು ಒಂದು ಪೆನ್ಸಿಲಿನ್ ಚುಚ್ಚಿದ.

ದೊಡ್ಡಾಸ್ಪತ್ರೆ ಎಲ್ಲಿದೆಯೆಂದು ಆ ಹುಡುಗಿಗೆ ಏನು ಗೊತ್ತು. ಗಾಡಿಯ ಜೊತೆ ಮಾರ್ಕೆಟ್ಟಿಗೆ ಹೋಗಿ, ತರಕಾರಿ ಇಳಿಸುವ ತನಕ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹುಡುಗ ಕಿತ್ತಳೆ ಹಣ್ಣು ಕೇಳಿದ. ಯಾರೋ ಸಾಬರು ಮಗುವಿನ ಮುಖ ನೋಡಿ ಸುಮ್ಮನೆ ಒಂದು ಕೊಟ್ಟರು. ನುಂಗಲಾರ, ಆದರೂ ಅದನ್ನು ಎರಡು ಕೈಯಲ್ಲಿ ಹಿಡಿದು ಮೂಸುತ್ತಾ ಮನೆಯವರೆಗೂ ಬಂದ. ಸಂಜೆ ಅಪ್ಪನಿಗೆ ದೊಡ್ಡಾಸ್ಪತ್ರೆಯ ವಿಷಯ ಹೇಳಿದಳು. ಬೆಳಗಾಗಲಿ ನೋಡೋಣ ಎಂದರು. ಮಾರನೆಯ ದಿನ ಮಧ್ಯಾಹ್ನ ಉಸಿರು ಕಟ್ಟಿ ಹುಡುಗ ಹೋದ. ಊರೆಲ್ಲ ಸೇರಿದಾಗ ಯಾರೋ, ಮಗು ಇಂಜೆಕ್ಷನ್ನಿಂದ ಹೋಯಿತು ಎಂದರು. ಅಂದಿನಿಂದ ಆ ಮನೆಗೆ ಪೆನ್ಸಿಲಿನ್ ಆಗಿಬರಲಿಲ್ಲ.

ಕೇಳುತ್ತಾ ಕೇಳುತ್ತಾ ನಾನು ಮನಸ್ಸಿನಲ್ಲೇ ಹೊತ್ತಿನ ಲೆಕ್ಕ ಹಾಕುತ್ತಿದ್ದೆ. ಪೆನ್ಸಿಲಿನ್ ಜೀವ ತೆಗೆಯುವುದಾದರೆ ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ ತೆಗೆಯುತ್ತದೆ. ಮಾರ್ಕೆಟ್ಟಿನಲ್ಲಿ ಕೂತು ಕಿತ್ತಳೆ ಹಣ್ಣು ಕೇಳಲು ಬಿಡುವುದಿಲ್ಲ. ಕುತ್ತಿಗೆ ಊದಿದ್ದು ಇಂಜೆಕ್ಷನ್ನಿಗಿಂತ ಮೊದಲು, ಬಿಳೀ ಪೊರೆಯೂ ಮೊದಲು. ಅದು ಗಂಟಲಮಾರಿ, ಇಂಗ್ಲಿಷಿನಲ್ಲಿ ಡಿಫ್ತೀರಿಯಾ. ಈಗ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿ ನಾವು ಮರೆತೇಬಿಟ್ಟ ರೋಗ. ಅಲ್ಲದೆ, ಒಂದು ವೇಳೆ ಆ ಹುಡುಗನಿಗೆ ಅಲರ್ಜಿಯೇ ಇತ್ತೆಂದರೂ ಅದು ಅಕ್ಕನ ಮಗಳಿಗೆ ಬಳುವಳಿಯಾಗಿ ಬರುವಂಥದ್ದಲ್ಲ. ಆದರೆ ಇಷ್ಟನ್ನೂ ಆ ಬೆಂಚಿನ ಮೇಲೆ ಹೇಳಲು ಧೈರ್ಯವಾಗಲಿಲ್ಲ. ನಾನು ಬೇರೆ ಏನನ್ನೋ ಕೇಳಿದೆ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದೆ. ಅಮ್ಮ, ನಿಮ್ಮ ಕಡೆ ಹಬ್ಬದ ದಿನ ಸಾವಾಗಿ ಆ ಹಬ್ಬ ನಿಂತುಹೋದರೆ ಮತ್ತೆ ಶುರು ಮಾಡುವುದು ಹೇಗೆ?

ಅವರಿಗೆ ಪ್ರಶ್ನೆ ವಿಚಿತ್ರವಾಗಿ ಕಂಡರೂ ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

“ಅದೇ ಹಬ್ಬದ ದಿನ ಮನೇಲಿ ಮಗು ಹುಟ್ಬೇಕು. ಇಲ್ಲ, ಹಟ್ಟೀಲಿ ಹಸು ಕರು ಹಾಕ್ಬೇಕು. ಆಗ ಮಾಡ್ಬೋದು.”

“ಹಂಗೇ ಈ ಔಷಧದಿಂದ್ಲೇ ಮನೆ ಮಗಳು ಎದ್ದು ಕೂತ್ರೆ?” ಎಂದೆ.

ಅವರು ಎಲೆಅಡಿಕೆ ಚೀಲದ ದಾರವನ್ನು ಬಿಚ್ಚಿದರು, ಕಟ್ಟಿದರು. ಮಂಜುಳಾ ಮೊದಲೇ ಒಪ್ಪಿದ್ದಳು, ಆದರೆ ಅಮ್ಮ ಹೂಂ ಅನ್ನದೆ ಬೇಡ ಎಂದಿದ್ದಳು. ನಾವು ಒಂದೇ ಸಲಕ್ಕೆ ಕೊಡುವುದಿಲ್ಲ, ಒಂದು ಚೂರು ಕೊಟ್ಟು ಕಾಯುತ್ತೇವೆ, ಏನಾದರೂ ಆದರೆ ತಡೆಯುವ ಇಂಜೆಕ್ಷನ್ ಪಕ್ಕದಲ್ಲೇ ತುಂಬಿಸಿ ಇಟ್ಟುಕೊಂಡಿರುತ್ತೇವೆ, ದೊಡ್ಡ ಡಾಕ್ಟರು ಕದಲದೆ ಕೂತಿರುತ್ತಾರೆ ಎಂದು ಹೇಳಿದೆ. ಏನೂ ಆಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ. ಹಾಗೆ ಯಾರಿಗೂ ಹೇಳಬೇಡಿ, ನಮ್ಮ ಕೈಯಲ್ಲಿಲ್ಲದ್ದು ಅದು. ಕೊನೆಗೆ ಅವರು, ಕೊಡುವಾಗ ನಾನು ಅಲ್ಲಿರುವುದಿಲ್ಲ, ನನ್ನ ಕಣ್ಣು ಒಳ್ಳೆಯದಲ್ಲ ಎಂದರು. ಅದು ಒಪ್ಪಿಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರ್ ಸಂಪತ್ ಅಂದು ಬೆಳಗಿನ ರೌಂಡ್ಸ್ ಬಿಟ್ಟು ಮಂಜುಳಾಳ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ರೋಗಿಗೆ ಗಾಬರಿಯಾಗದಿರಲಿ ಎಂದು ಕೈಯಲ್ಲಿ ಇಂಗ್ಲಿಷ್ ಪೇಪರ್ ಹಿಡಿದಿದ್ದರು, ಅದರ ಪುಟ ಒಂದು ಸಲವೂ ತಿರುಗಲಿಲ್ಲ. ಮೊದಲ ಚೂರು ಹೋಯಿತು. ನಾವೆಲ್ಲ ಅವಳ ಮುಖ, ಕುತ್ತಿಗೆ, ಉಸಿರು ನೋಡುತ್ತಾ ನಿಂತೆವು. ಮಂಜುಳಾ ನಮ್ಮನ್ನೆಲ್ಲ ನೋಡಿ, ನೀವೆಲ್ಲ ಹೀಗೆ ನೋಡುತ್ತಿದ್ದರೆ ನನಗೆ ಅದಕ್ಕೇ ಏನಾದರೂ ಆಗುತ್ತದೆ ಎಂದಳು. ಅವಳು ಕೈ ಕೆರೆದುಕೊಂಡಾಗ ನಾನು, ನರ್ಸು, ಡಾಕ್ಟರ್ ಸಂಪತ್ ಮೂವರೂ ಒಟ್ಟಿಗೆ ಬಗ್ಗಿದೆವು, ಸೊಳ್ಳೆ ಕಚ್ಚಿತ್ತು. ಎರಡನೆಯದು ಹೋಯಿತು. ಪೂರ್ತಿ ಡೋಸೂ ಹೋಯಿತು. ಏನೂ ಆಗಲಿಲ್ಲ. ಡಾಕ್ಟರ್ ಸಂಪತ್ ಪೇಪರ್ ಮಡಚಿ, ಕೇಸ್ ಶೀಟಿನ ಕೆಂಪು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತು, ಎಲ್ಲಿ ಹಾಕುವುದೆಂದು ತಿಳಿಯದೆ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಆ ಜೇಬಿನಲ್ಲಿ ಅದು ಒಗೆದು ಬಣ್ಣ ಹೋಗುವವರೆಗೂ ಇತ್ತಂತೆ.

ಮುನಿತಾಯಮ್ಮ ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ಹೋಗಿ ಭುಜ ಮುಟ್ಟಿದೆ. ತಿರುಗಲಿಲ್ಲ, ಕಾಫಿ ಕೇಳ್ತಿದಾಳಾ ಎಂದರು. ಕೇಳ್ತಿದಾಳೆ ಎಂದೆ. ಅವರು ಫ್ಲಾಸ್ಕ್ ತೆಗೆದುಕೊಂಡು ಕ್ಯಾಂಟೀನಿಗೆ ಹೊರಟರು, ಹೆಚ್ಚುಕಡಿಮೆ ಓಡಿದರು.

ಜ್ವರ ಇಳಿಯಿತು. ಮೂತ್ರಪಿಂಡ ನಿಧಾನವಾಗಿ ಚೇತರಿಸಿಕೊಂಡಿತು. ವಾರಗಟ್ಟಲೆ ಆ ಔಷಧ ಕೊಡಬೇಕಾಗಿದ್ದರಿಂದ ಮಂಜುಳಾ ಅಷ್ಟು ದಿನವೂ ವಾರ್ಡಿನಲ್ಲಿದ್ದು, ಕೈಗೆ ಬಲ ಬಂದ ಮೇಲೆ ನರ್ಸುಗಳ ಬ್ಲೌಸಿಗೆಲ್ಲ ಹುಕ್ಸು ಹಾಕಿಕೊಟ್ಟಳು. ನಾವು ಈ ಕಡೆ ನಮ್ಮ ಪದ್ಧತಿಯನ್ನೇ ಬದಲಿಸಿದೆವು. ಅಲರ್ಜಿ ಇದೆಯಾ ಎಂದು ಕೇಳಿ ಸ್ಟಿಕ್ಕರ್ ಅಂಟಿಸುವುದನ್ನು ನಿಲ್ಲಿಸಿ, ಯಾರಿಗೆ ಆಗಿತ್ತು, ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂದು ಕೂತು ಕೇಳುವುದನ್ನು ಶುರು ಮಾಡಿದೆವು. ಒಬ್ಬರಿಗೆ ಔಷಧ ನುಂಗಿ ವಾಂತಿಯಾಗಿತ್ತು, ಇನ್ನೊಬ್ಬರಿಗೆ ಸೂಜಿ ನೋಡಿ ತಲೆಸುತ್ತು ಬಂದಿತ್ತು, ಮತ್ತೊಬ್ಬರಿಗೆ ಯಾರೋ ಹೇಳಿದ್ದರು. ನಿಜವಾಗಿ ಅಲರ್ಜಿ ಇದ್ದವರೂ ಇದ್ದರು, ಅವರ ಸ್ಟಿಕ್ಕರ್ ಹಾಗೆಯೇ ಉಳಿಯಿತು. ಹಳೆಯ ಸಾಧು ಔಷಧಗಳು ಮತ್ತೆ ಕೆಲಸಕ್ಕೆ ಬಂದವು, ದೊಡ್ಡವು ಬೀರುವಿನಲ್ಲಿ ಉಳಿದವು. ಆಂಟಿಬಯೋಟಿಕ್ ಉಳಿಸುವುದು ಎಂದರೆ ಬೀರುವಿಗೆ ಬೀಗ ಹಾಕುವುದು ಎಂದು ಮೊದಲು ನಾನೂ ತಿಳಿದಿದ್ದೆ. ಅದರಲ್ಲಿ ಬಹುಪಾಲು ಜನರ ಪಕ್ಕದಲ್ಲಿ ಕೂತು ಕತೆ ಕೇಳುವ ಕೆಲಸವೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮಂಜುಳಾಳನ್ನು ಮನೆಗೆ ಕಳಿಸಿದ ದಿನ ಮುನಿತಾಯಮ್ಮ ಒಬ್ಬರೇ ಮೆಟ್ಟಿಲಿಳಿದು ನನ್ನ ಲ್ಯಾಬಿಗೆ ಬಂದರು. ಸ್ವೀಟ್ ಬಾಕ್ಸ್ ಇರಲಿಲ್ಲ, ಅದನ್ನು ಡಾಕ್ಟರ್ ಸಂಪತ್ ಅವರಿಗೆ ಕೊಟ್ಟು ಬಂದಿದ್ದರು. ಸ್ಟೂಲಿನ ಮೇಲೆ ಕೂತು ಸುತ್ತ ನೋಡಿದರು. ಮಗಳ ರಕ್ತದಲ್ಲಿದ್ದದ್ದು ಹೇಗಿರುತ್ತದೆ ಎಂದು ಕೇಳಿದರು. ಅದೇ ಜಾತಿಯ ಸೂಕ್ಷ್ಮಾಣು ಬೆಳೆದ ತಟ್ಟೆಯೊಂದನ್ನು ತೋರಿಸಿದೆ. ಇಷ್ಟೇನಾ ಎಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಟ್ಟೆಯಿಂದ ಕಣ್ಣು ತೆಗೆಯದೆಯೇ ಕೇಳಿದರು.

“ಮಗಳಿಗೆ ಆಗ್ಬಂತಲ್ಲ. ಇಂಜೆಕ್ಷನ್ನಿಂದ ಅಲ್ಲ ಅಂದ್ಮೇಲೆ, ನಮ್ಮ ರಾಜು ಯಾತರಿಂದ ಹೋದ ಮೇಡಂ?”

ತಮ್ಮನ ಹೆಸರನ್ನು ಅವರು ಹೇಳಿದ್ದು ಅದೇ ಮೊದಲು. ನಾನು ಮರೆಮಾಚಲಿಲ್ಲ. ಅದು ಗಂಟಲಮಾರಿ, ಆ ಬಿಳೀ ಪೊರೆ ಉಸಿರಿನ ದಾರಿ ಮುಚ್ಚಿತು, ಕಾಂಪೌಂಡರ್ ಹೇಳಿದ ಹಾಗೆ ದೊಡ್ಡಾಸ್ಪತ್ರೆಗೆ ಹೋಗಬೇಕಾಗಿತ್ತು ಎಂದೆ. ಬೇಗ ಹೋಗಿದ್ದರೆ ಉಳಿಯುತ್ತಿದ್ದನಾ ಎಂದು ಕೇಳಿದರು. ಉಳಿಯಬಹುದಾಗಿತ್ತು, ಖಂಡಿತ ಅನ್ನಲಾರೆ ಎಂದೆ. ಹೇಳುತ್ತಿರುವಾಗಲೇ ನನಗೆ ಭಯವಾಯಿತು, ಒಂದು ಭಾರ ಇಳಿಸಿ ಇನ್ನೊಂದನ್ನು ಹೊರಿಸುತ್ತಿದ್ದೇನಾ ಎಂದು. ಅದಕ್ಕೇ ಉಳಿದದ್ದನ್ನೂ ಹೇಳಿದೆ.

“ಅಮ್ಮ, ಅವನನ್ನ ಉಳಿಸ್ಬೇಕು ಅಂತ ಓಡಿದ್ದು ಆ ಮನೇಲಿ ನೀವೊಬ್ರೇ.”

ಅವರಿಗೆ ಒಂದು ಲೋಟ ನೀರು ಕೊಟ್ಟೆ. ಲೋಟವನ್ನು ಹಿಡಿದುಕೊಂಡೇ ಕೂತರು, ಕುಡಿಯಲಿಲ್ಲ.

“ನೀನೇ ಕರ್ಕೊಂಡು ಹೋಗಿ ಸಾಯ್ಸಿದೆ ಅಂತ, ನಮ್ಮವ್ವ ಸಾಯೋವರ್ಗೂ ನನ್ನ ಕೈಲಿ ನೀರು ಇಸ್ಕೊಳ್ಲಿಲ್ಲ ಮೇಡಂ” ಎಂದರು.

ಹೊರಗೆ ಮಂಜುಳಾಳನ್ನು ಕರೆದೊಯ್ಯಲು ಬಂದ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಮುನಿತಾಯಮ್ಮ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಮೆಟ್ಟಿಲ ಹತ್ತಿರ ಹೋಗಿ ನಿಂತು ಒಂದು ಸಲ ತಿರುಗಿದರು.

“ಗಂಟ್ಲು ನೋವು ಅಂತ ಅವ್ನು ಹೇಳಿದ ದಿನಾನೇ ಅಪ್ಪಂಗೆ ಹೇಳಿದ್ದೆ ಮೇಡಂ, ಕರ್ಕೊಂಡು ಹೋಗಣ ಅಂತ. ಯಾರೂ ಕೇಳ್ಲಿಲ್ಲ.”